ಅರಳು ಹುರಿದಂತೆ ಮಾತಾಡುವುದು: ವೇದಿಕೆಗೂ ಮಾರಾಟಕ್ಕೂ ಒಂದು ಅಭ್ಯಾಸ ಕ್ರಮ

ಮೊದಲು ಒಂದು ಸಣ್ಣ ಪರೀಕ್ಷೆ. ಕೈಗೆ ಸಿಕ್ಕ ಪುಟದಿಂದ ಹತ್ತು ಸಾಲು ಆರಿಸಿಕೊಳ್ಳಿ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಗಟ್ಟಿಯಾಗಿ ಓದಿ. ಆಮೇಲೆ ಕೇಳಿಸಿಕೊಳ್ಳಿ. ಸಾಲಿನ ಕೊನೆಯ ಪದಗಳನ್ನು ನುಂಗಿರುತ್ತೀರಿ. ನಡುನಡುವೆ ನೀರಲ್ಲಿ ಮುಳುಗಿ ಎದ್ದವರ ಹಾಗೆ ಉಸಿರು ಎಳೆದಿರುತ್ತೀರಿ. ದನಿ ಶುರುವಿನಲ್ಲಿ ಇದ್ದದ್ದಕ್ಕಿಂತ ಮೇಲೆ ಹತ್ತಿರುತ್ತದೆ.

ನಾನು ಮೊದಲ ಸಲ ಜನರ ಮುಂದೆ ಹಗ್ಗದ ಜಾದೂ ಮಾಡಿದಾಗ ಈ ಮೂರೂ ಆಗಿದ್ದವು. ಸಾಲದ್ದಕ್ಕೆ ಇನ್ನೊಂದು: ಬಾಯಿ ಮಾತು ಮುಗಿಸಿ ನಿಂತಿತ್ತು, ಕೈಯಲ್ಲಿ ಗಂಟು ಇನ್ನೂ ಬಿಚ್ಚಿರಲಿಲ್ಲ. ಅಷ್ಟು ಉದ್ದದ ಮೌನ ನಾನು ಮತ್ತೆ ಎಲ್ಲೂ ಕಂಡಿಲ್ಲ.

ಆಗ ನಾನು ಅಂದುಕೊಂಡಿದ್ದು, ಅರಳು ಹುರಿದಂತೆ ಮಾತಾಡುವ ಕಲೆ ಅಂದರೆ ವೇಗ ಅಂತ. ಅದು ತಪ್ಪು. ಬರೀ ವೇಗಕ್ಕೆ ದಾಖಲೆಗಳಿವೆ. 1995ರಲ್ಲಿ ಕೆನಡಾದ ಷಾನ್ ಷಾನನ್ ಎಂಬಾತ ಹ್ಯಾಮ್ಲೆಟ್ ನಾಟಕದ ಪ್ರಸಿದ್ಧ ಸ್ವಗತದ 260 ಪದಗಳನ್ನು 23.8 ಸೆಕೆಂಡಿನಲ್ಲಿ ಹೇಳಿ ಮುಗಿಸಿದ. ನಿಮಿಷಕ್ಕೆ 655 ಪದದ ಲೆಕ್ಕ. ಬೆರಗು ಹುಟ್ಟಿಸುವ ಸಾಧನೆ, ಆದರೆ ಆ ವೇಗದಲ್ಲಿ ಯಾರಿಗೂ ಏನನ್ನೂ ಮಾರಲು ಆಗುವುದಿಲ್ಲ. ಜಾದೂಗಾರ, ಹರಾಜು ಕೂಗುವವರು, ವಸ್ತು ತೋರಿಸಿ ಮಾರುವವರು ನಿಜಕ್ಕೂ ಮಾಡುವುದು ಬೇರೆ. ಅವರ ಮಾತು ತಾಳದ ಸಮವಾದ ಪೆಟ್ಟಿಗೆ ಸರಿಯಾಗಿ ಬೀಳುತ್ತದೆ. ಸಮವಾಗಿ ಬಿದ್ದದ್ದು ಕಿವಿಗೆ ವೇಗವಾಗಿ ಕೇಳಿಸುತ್ತದೆ. ಲಯ ಬಂದರೆ ಅರ್ಧ ವೇಗದಲ್ಲೇ ಪೂರ್ತಿ ವೇಗದ ಭ್ರಮೆ ಹುಟ್ಟುತ್ತದೆ. ಹಾಗಾಗಿ ಅಭ್ಯಾಸವೂ ಲಯದಿಂದಲೇ ಶುರುವಾಗಬೇಕು.

1. ತುಂಡು ತುಂಡಾಗಿ ಬರೆಯಿರಿ

ಪ್ಯಾರಾ ಬರೆದು ಬಾಯಿಪಾಠ ಮಾಡಬೇಡಿ. ಒಂದು ಸಾಲಿಗೆ ಒಂದೇ ಸಂಗತಿ ಬರೆಯಿರಿ. ಛತ್ರಿ ಮಾರುತ್ತೀರಿ ಅಂತ ಇಟ್ಟುಕೊಳ್ಳಿ. ‘ಈ ಛತ್ರಿಯ ವಿಶೇಷತೆ ಏನೆಂದರೆ ಇದರಲ್ಲಿರುವ ಗುಂಡಿಯನ್ನು ಒತ್ತಿದ ತಕ್ಷಣ ಇದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ’ ಎನ್ನುವುದು ಬರೆಯುವ ಮಾತು. ‘ಒತ್ತಿರಿ, ಬಿಚ್ಚಿತು’ ಎನ್ನುವುದು ಆಡುವ ಮಾತು. ‘ಏನೆಂದರೆ’, ‘ಎಂಬುದಾಗಿ’, ‘ಹೇಳಬೇಕೆಂದರೆ’ ಎಲ್ಲ ಹೊಡೆದು ಹಾಕಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಕೇಳುವವರು ಅದಕ್ಕಾಗಿ ಕಾಯಬೇಕು. ಅಷ್ಟರಲ್ಲಿ ಅವರ ಗಮನ ಬೇರೆ ಕಡೆ ಹೋಗಿರುತ್ತದೆ.

2. ಮಾತ್ರೆ ಎಣಿಸಿ

ನಾನು ಜಾಸ್ತಿ ಹೊತ್ತು ಕೊಡುವುದು ಈ ಹೆಜ್ಜೆಗೆ. ಶಾಲೆಯಲ್ಲಿ ಪದ್ಯಕ್ಕೆ ಲಘು–ಗುರು ಹಾಕಿದ್ದು ನೆನಪಿದೆಯಾ? ಪರೀಕ್ಷೆ ಮುಗಿದ ಮೇಲೆ ಯಾವ ಕೆಲಸಕ್ಕೂ ಬರಲ್ಲ ಅಂದುಕೊಂಡಿದ್ದ ಆ ವಿದ್ಯೆ ಇಲ್ಲಿ ಸರಿಯಾಗಿ ಕೆಲಸಕ್ಕೆ ಬರುತ್ತದೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಹತ್ತಿದ ಅಕ್ಷರಕ್ಕೂ ಎರಡು. ಇಷ್ಟು ಸಾಕು.

ಈಗ ಛತ್ರಿಯ ಮಾತನ್ನು ನಾಲ್ಕು ಮಾತ್ರೆಯ ತುಂಡುಗಳಾಗಿ ಕೂರಿಸೋಣ.

ಒತ್ತಿರಿ / ಬಿಚ್ಚಿತು / ಎಳೆಯಿರಿ / ಮಡಚಿತು
ಗಾಳಿಗೆ / ಬಾಗದು / ಚೀಲಕೆ / ಸೇರಿತು

ಪ್ರತಿ ತುಂಡಿನಲ್ಲೂ ಸರಿಯಾಗಿ ನಾಲ್ಕು ಮಾತ್ರೆ. ಕೈಯಿಂದ ಮೇಜು ತಟ್ಟುತ್ತಾ ಹೇಳಿ ನೋಡಿ, ಬಾಯಿ ತಾನಾಗಿ ಓಡುತ್ತದೆ. ‘ಚೀಲಕ್ಕೆ’ ಅಂತ ಬರೆದಿದ್ದರೆ ಐದು ಮಾತ್ರೆ ಆಗಿ ನಡಿಗೆ ಕುಂಟುತ್ತಿತ್ತು. ಅದಕ್ಕೇ ‘ಚೀಲಕೆ’. ಇಂಥ ಸಣ್ಣ ಕತ್ತರಿ ಪ್ರಯೋಗಕ್ಕೆ ಹಿಂಜರಿಯಬೇಡಿ. ಕೇಳುವವರಿಗೆ ಕಾಗುಣಿತ ಕಾಣುವುದಿಲ್ಲ. ಆದರೆ ಛತ್ರಿ ಗಾಳಿಗೆ ನಿಜವಾಗಿಯೂ ಬಾಗುತ್ತದಾ? ಹಾಗಿದ್ದರೆ ಆ ಎಂಟು ಮಾತ್ರೆ ಕಿತ್ತು ಹಾಕಿ, ಬೇರೆ ಎಂಟು ಹುಡುಕಿ.

ಮೂರು ಮಾತ್ರೆಯ ನಡಿಗೆಗೆ ಬೇರೆಯದೇ ಗುಣ. ನಾಲ್ಕು ಕವಾಯತಿನ ಹೆಜ್ಜೆಯಾದರೆ, ಮೂರು ತೂಗುಯ್ಯಾಲೆ. ಜಾದೂಗೆ, ಕೀಟಲೆಗೆ, ನಗುವಿಗೆ ಇದೇ ಚೆನ್ನ.

ಇಲ್ಲಿ / ಇತ್ತು / ಈಗ / ಇಲ್ಲ
ಎಲ್ಲಿ / ಹೋಯ್ತು / ನೀವೆ / ಹೇಳಿ

ಇಡೀ ಮಾತನ್ನು ಹೀಗೇ ಕಟ್ಟಲು ಹೋಗಬೇಡಿ. ಪದ್ಯ ಓದಿದ ಹಾಗಾಗುತ್ತದೆ, ಜನ ನಿಮ್ಮನ್ನು ನೋಡುವ ಬದಲು ಪ್ರಾಸ ಎಣಿಸುತ್ತಾ ಕೂರುತ್ತಾರೆ. ಎಂಟು ತುಂಡು ಲಯದಲ್ಲಿ, ಆಮೇಲೆ ಒಂದು ವಾಕ್ಯ ಪೂರ್ತಿ ಸಾದಾ ಮಾತಿನಲ್ಲಿ: ‘ಹಿಡಿ ಎಷ್ಟು ಗಟ್ಟಿ ಇದೆ, ನೀವೇ ಹಿಡಿದು ನೋಡಿ.’ ಲಯ ಮುರಿದ ಜಾಗದಲ್ಲೇ ಕಿವಿ ನಿಮಿರುತ್ತದೆ. ನಿಮಗೆ ಅತಿ ಮುಖ್ಯ ಅನ್ನಿಸಿದ ಮಾತನ್ನು ಅಲ್ಲಿಡಿ.

3. ಬಾಯಿಗೆ ಸಾಣೆ

ವೇಗ ಹೆಚ್ಚಿದಾಗ ಕನ್ನಡದಲ್ಲಿ ಮೊದಲು ಸಾಯುವುದು ದೀರ್ಘ ಮತ್ತು ಒತ್ತು. ಒತ್ತು ಹೋದರೆ ‘ಕತ್ತೆ’ ಹೋಗಿ ‘ಕತೆ’ ಆಗುತ್ತದೆ. ಗಾಬರಿಯಲ್ಲಿ ಒತ್ತು ಜಾಸ್ತಿ ಬಿದ್ದರೆ ‘ನಿಮಗೊಂದು ಕತೆ ಹೇಳ್ತೀನಿ’ ಎನ್ನುವುದು ಏನಾಗುತ್ತದೆ ಅಂತ ನೀವೇ ಊಹಿಸಿ. ಲ, ಳ ಕಲಸಿಹೋಗುವುದು ಇನ್ನೊಂದು ಕಾಟ. ‘ಬೆಲೆ, ಬೆಳೆ, ಬೇಳೆ’ ಈ ಮೂರನ್ನು ಉಸಿರು ಬಿಡದೆ ಇಪ್ಪತ್ತು ಸಲ ಹೇಳಿ. ಮೂರೂ ಬೇರೆ ಬೇರೆಯಾಗಿ ಕೇಳಿಸುವ ತನಕ ವೇಗ ಹೆಚ್ಚಿಸಬೇಡಿ. ‘ಹಾಲು, ಹಾಳು’, ‘ಹಳೆ, ಹಾಳೆ’, ‘ಬಳೆ, ಬಾಳೆ’ ಇವೂ ಒಳ್ಳೆಯ ಜೋಡಿಗಳೇ.

ನಾಲಿಗೆ ತೊಡರುವ ಸಾಲುಗಳು ಎಲ್ಲರಿಗೂ ಗೊತ್ತು. ‘ಕಪ್ಪು ಕುಂಕುಮ, ಕೆಂಪು ಕುಂಕುಮ’ ತುಟಿಗೂ ನಾಲಿಗೆಯ ಬುಡಕ್ಕೂ ಒಟ್ಟಿಗೆ ಕೆಲಸ ಕೊಡುತ್ತದೆ. ಆದರೆ ಇವನ್ನು ಆಟದ ಹಾಗೆ ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಹೇಳಿದರೆ ಪ್ರಯೋಜನ ಇಲ್ಲ. ತಪ್ಪನ್ನೇ ಅಭ್ಯಾಸ ಮಾಡಿದ ಹಾಗಾಗುತ್ತದೆ. ನಿಧಾನವಾಗಿ, ತುಟಿಯನ್ನು ಬೇಕೆಂದೇ ಜಾಸ್ತಿ ಆಡಿಸುತ್ತಾ ಹೇಳಿ. ದನಿಯೇ ಇಲ್ಲದೆ ಬರೀ ತುಟಿ ಆಡಿಸಿದರೂ ಎದುರು ಕೂತವರಿಗೆ ಪದ ಗೊತ್ತಾಗಬೇಕು. ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಮೂಕಾಭ್ಯಾಸವೇ.

ಪ್ರಾಚೀನ ಗ್ರೀಸಿನ ಭಾಷಣಕಾರ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತಾಡಿ ತೊದಲು ಕಳೆದುಕೊಂಡ ಎಂದು ಅವನ ಜೀವನಚರಿತ್ರೆ ಬರೆದ ಪ್ಲುಟಾರ್ಕ್ ಹೇಳಿದ್ದಾನೆ. ಕತೆ ಚೆನ್ನಾಗಿದೆ. ನೀವು ಮಾಡಬೇಡಿ, ಗಂಟಲಿಗೆ ಸಿಕ್ಕಿಕೊಂಡರೆ ಕಷ್ಟ.

4. ಉಸಿರಿಗೆ ಜಾಗ ಬಿಡಿ

ಉಸಿರು ಮುಗಿದಾಗ ಎಳೆದುಕೊಳ್ಳುವುದಲ್ಲ. ಎಲ್ಲಿ ಎಳೆದುಕೊಳ್ಳಬೇಕು ಅಂತ ಬರೆದ ಹಾಳೆಯಲ್ಲೇ ಗೆರೆ ಹಾಕಿ. ಕೈ ಏನಾದರೂ ಮಾಡುತ್ತಿರುವ ಜಾಗ ಇದಕ್ಕೆ ಒಳ್ಳೆಯದು. ಛತ್ರಿ ಬಿಚ್ಚುವಾಗ ಎಲ್ಲರ ಕಣ್ಣೂ ಛತ್ರಿಯ ಮೇಲೆ, ನಿಮ್ಮ ಉಸಿರು ಯಾರಿಗೂ ಕಾಣುವುದಿಲ್ಲ. ಹೊಟ್ಟೆ ಉಬ್ಬಬೇಕು, ಭುಜ ಏಳಬಾರದು. ಗಂಟಲು ನೋಯುತ್ತಿದ್ದರೆ ಎಲ್ಲೋ ತಳ್ಳಿ ಮಾತಾಡುತ್ತಿದ್ದೀರಿ ಎಂದರ್ಥ, ಆ ದಿನಕ್ಕೆ ನಿಲ್ಲಿಸಿ.

5. ಮೆಟ್ರೊನೋಮ್

ಮೆಟ್ರೊನೋಮ್ ಅಂದರೆ ಸಮವಾಗಿ ಟಕ್ ಟಕ್ ಎಂದು ತಾಳದ ಪೆಟ್ಟು ಹಾಕುವ ಸಾಧನ. ಫೋನಿಗೆ ಅದರ ಆ್ಯಪ್ ಪುಕ್ಕಟೆ ಸಿಗುತ್ತದೆ. ನಿಮಿಷಕ್ಕೆ 60 ಪೆಟ್ಟಿಗೆ ಇಟ್ಟುಕೊಳ್ಳಿ. ಒಂದು ಪೆಟ್ಟಿಗೆ ಒಂದು ತುಂಡು, ಅಂದರೆ ನಾಲ್ಕು ಮಾತ್ರೆ. ಬಹಳ ನಿಧಾನ ಅನ್ನಿಸುತ್ತದೆ. ಅನ್ನಿಸಲಿ. ಒಂದೂ ಅಕ್ಷರ ಕೆಡದೆ ಸತತ ಮೂರು ಸಲ ಹೇಳಿದರೆ 4 ಪೆಟ್ಟು ಏರಿಸಿ. ಒಮ್ಮೆ ಎಡವಿದರೂ 8 ಇಳಿಸಿ. ಈ ಇಳಿಸುವ ನಿಯಮವನ್ನು ಎಲ್ಲರೂ ಬಿಡುತ್ತಾರೆ, ಎಲ್ಲರೂ ಅದಕ್ಕೇ ಸಿಕ್ಕಿಬೀಳುತ್ತಾರೆ.

100 ತಲುಪಿದಾಗ ಸೆಕೆಂಡಿಗೆ ಆರೂವರೆಗಿಂತ ಜಾಸ್ತಿ ಮಾತ್ರೆ ಹೇಳುತ್ತಿರುತ್ತೀರಿ. ಜನರ ಮುಂದೆ ಅಷ್ಟು ಸಾಕು. ನಾನು ಮನೆಯಲ್ಲಿ 112ರ ತನಕ ಹೋಗುತ್ತೇನೆ, ಹೊರಗೆ 96 ದಾಟುವುದಿಲ್ಲ. ಕೈಯಲ್ಲಿ ಸ್ವಲ್ಪ ಉಳಿಸಿಕೊಂಡು ಮಾತಾಡುವವರ ಮುಖದಲ್ಲಿ ನಿರಾಳ ಇರುತ್ತದೆ. ಪೂರ್ತಿ ಖರ್ಚು ಮಾಡಿದವರ ಕತ್ತಿನ ನರ ಕಾಣುತ್ತದೆ.

6. ಕೈಗೂ ಬಾಯಿಗೂ ಗಂಟು ಹಾಕಿ

ಇಂಗ್ಲಿಷ್‌ನಲ್ಲಿ ಈ ಬಗೆಯ ಮಾತಿಗೆ ‘ಪ್ಯಾಟರ್’ ಎನ್ನುತ್ತಾರೆ. ಆ ಪದ ಹುಟ್ಟಿದ್ದು ‘ಪಾತರ್ ನಾಸ್ತರ್’ ಎಂದು ಶುರುವಾಗುವ ಲ್ಯಾಟಿನ್ ಪ್ರಾರ್ಥನೆಯಿಂದ. ದಿನಾ ಹೇಳಿ ಹೇಳಿ, ಅರ್ಥದ ಕಡೆ ಗಮನವೇ ಇಲ್ಲದೆ ಗೊಣಗುವ ಮಟ್ಟಕ್ಕೆ ಬಂದಿದ್ದರಿಂದ ಆ ಹೆಸರು. ಇದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ಬಾಯಿ ತಾನಾಗಿ ಓಡುವಷ್ಟು ಪಾಠವಾದರೆ ಮನಸ್ಸು ಜನರನ್ನು ನೋಡಲು ಬಿಡುವಾಗುತ್ತದೆ. ಆದರೆ ಕಣ್ಣು ಖಾಲಿಯಾಯಿತೋ, ಜನಕ್ಕೆ ತಕ್ಷಣ ಗೊತ್ತಾಗುತ್ತದೆ.

ಈ ಅಪಾಯಕ್ಕೆ ಮದ್ದು ಕೈ. ಪ್ರತಿ ತುಂಡಿಗೂ ಒಂದು ಕ್ರಿಯೆ ಹೊಂದಿಸಿ. ‘ಒತ್ತಿರಿ’ ಅಂದಾಗ ಬೆರಳು ಗುಂಡಿಯ ಮೇಲೆ, ‘ಬಿಚ್ಚಿತು’ ಅಂದಾಗ ಬಟ್ಟೆ ಬಿಚ್ಚಿರಬೇಕು. ಅಮೆರಿಕದ ರಾನ್ ಪೋಪೀಲ್ (1935–2021) ಮನೆಬಳಕೆಯ ಸಲಕರಣೆಗಳನ್ನು ಟಿವಿಯಲ್ಲಿ ಮಾರಿ ಹೆಸರಾದವರು. ಅವರು ಈ ವಿದ್ಯೆ ಕಲಿತದ್ದು ಹರೆಯದಲ್ಲಿ ಶಿಕಾಗೋದ ಮ್ಯಾಕ್ಸ್‌ವೆಲ್ ಸ್ಟ್ರೀಟ್ ಸಂತೆಯಲ್ಲಿ, ಎದುರಿಗೆ ಜನ ನಿಂತಿರುವಾಗ. ಅಲ್ಲಿ ಸಲಕರಣೆ ಕೈಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ, ಬಾಯಿ ಅದಕ್ಕೆ ತಾಳ ಹಾಕುತ್ತದೆ. ಕೈ ನಿಂತು ಬಾಯಿ ಮಾತ್ರ ಓಡಿದರೆ ಅದು ಭಾಷಣ.

ಜಾದೂ ಮಾಡುವವರಿಗೆ ಒಂದು ಎಚ್ಚರಿಕೆ. ‘ಇದು ಸಾಧಾರಣ ಡಬ್ಬಿ, ಇದರಲ್ಲಿ ಏನೂ ಮೋಸ ಇಲ್ಲ’ ಅನ್ನಬೇಡಿ. ಹೇಳುವ ತನಕ ಯಾರಿಗೂ ಅನುಮಾನ ಇರಲಿಲ್ಲ, ಅಲ್ವಾ? ಡಬ್ಬಿ ಮೇಜಿನ ಮೇಲಿಟ್ಟು ಬೇರೆ ಮಾತಿಗೆ ಹೋಗಿ. ಕೈಚಳಕದ ಗಳಿಗೆ ಬಂದಾಗ ಎದುರಿನವರಿಗೆ ಒಂದು ಪ್ರಶ್ನೆ ಹಾಕಿ. ಪ್ರಶ್ನೆ ಕೇಳಿದಾಗ ಜನ ಸಹಜವಾಗಿ ಮುಖ ನೋಡುತ್ತಾರೆ, ಕೈ ನೋಡುವುದಿಲ್ಲ.

ಹಿನ್ನೆಲೆಯಲ್ಲಿ ಸಂಗೀತ ಇದ್ದರೆ ತಗ್ಗಿಸಿ. 19ನೇ ಶತಮಾನದ ಇಂಗ್ಲಿಷ್ ಹಾಸ್ಯ ಒಪೆರಾಗಳಲ್ಲಿ ಪಟಪಟ ಹಾಡುಗಳು ಬಂದಾಗ ವಾದ್ಯಗಳು ಹಿಂದೆ ಸರಿದು ತೆಳ್ಳಗೆ ನುಡಿಯುತ್ತವೆ. ಪದ ಕೇಳಿಸದಿದ್ದರೆ ಹಾಡೇ ಇಲ್ಲ.

7. ಹರಾಜು: ಅಂಕಿಗಳ ಆಟ

ಎಲ್ಲ ವೇಗದ ಮಾತುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಹರಾಜಿನ ಕೂಗು. ಅಮೆರಿಕದಲ್ಲಿ ಇದಕ್ಕೆಂದೇ ಶಾಲೆಗಳಿವೆ. ಮಿಸೌರಿ ಆಕ್ಷನ್ ಸ್ಕೂಲ್ 1905ರಷ್ಟು ಹಳೆಯದು. ಅಂಕಿಗಳನ್ನು ಮೇಲಕ್ಕೂ ಕೆಳಕ್ಕೂ, ಐದೈದರಂತೆ, ಹತ್ತತ್ತರಂತೆ ನಾಲಿಗೆ ಸವೆಯುವ ತನಕ ಹೇಳಿಸುವುದು ಇಂಥ ಕಡೆಯ ಮೊದಲ ಪಾಠ. 1963ರಿಂದ ಜಾನುವಾರು ಹರಾಜು ಕೂಗುವವರ ವಿಶ್ವ ಸ್ಪರ್ಧೆಯೂ ನಡೆಯುತ್ತಿದೆ. ಅಲ್ಲಿ ತೀರ್ಪುಗಾರರು ನೋಡುವುದು ಕೂಗಿನ ಸ್ಪಷ್ಟತೆ, ದನಿಯ ಗುಣ, ಸವಾಲು (ಕೊಳ್ಳುವವರು ಕೊಡುತ್ತೇನೆಂದು ಹೇಳುವ ಬೆಲೆ) ಹಿಡಿಯುವ ಚುರುಕು. ಯಾರು ಅತಿ ವೇಗ ಎಂಬುದಲ್ಲ.

ಕೂಗಿನ ಒಳಗುಟ್ಟು ಸರಳ. ಅದರಲ್ಲಿ ಎರಡೇ ಅಂಕಿ ಇರುತ್ತವೆ. ಒಂದು, ಈಗ ಕೈಗೆ ಬಂದಿರುವ ಸವಾಲು. ಇನ್ನೊಂದು, ಮುಂದೆ ಬೇಕಾಗಿರುವ ಸವಾಲು. ಉಳಿದದ್ದೆಲ್ಲ ನಡುವಿನ ತುಂಬುಪದ. ಹೊರಗಿನಿಂದ ಕೇಳುವವರಿಗೆ ಏನೋ ಮಂತ್ರ ಅನ್ನಿಸುವುದು ಈ ತುಂಬುಪದಗಳಿಂದಲೇ.

ಇದನ್ನು ಕನ್ನಡಕ್ಕೆ ಕೂರಿಸುವಾಗ ನನಗೊಂದು ಸಂಗತಿ ಕಂಡಿತು. ಮಾತ್ರೆ ಎಣಿಸಿ ನೋಡಿ: ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಎಲ್ಲಕ್ಕೂ ಐದೈದು ಮಾತ್ರೆ! ಯಾರೋ ಕೂತು ಹೊಂದಿಸಿದ ಹಾಗಿದೆ. ಇದರ ಪಕ್ಕಕ್ಕೆ ಮೂರು ಮಾತ್ರೆಯ ಒಂದು ಪದ ಸೇರಿಸಿದರೆ ಎಂಟಾಗುತ್ತದೆ, ಲೆಕ್ಕ ಸಮ.

ಐವತ್ತು ಬಂತು / ಅರವತ್ತು ಯಾರು
ಅರವತ್ತು ಬಂತು / ಎಪ್ಪತ್ತು ಯಾರು

‘ಬಂತು’ ಅಂದರೆ ಕೈಯಲ್ಲಿರುವುದು, ‘ಯಾರು’ ಅಂದರೆ ಬೇಕಾಗಿರುವುದು. ಮೊದಲ ವಾರ ಇಷ್ಟೇ ಸಾಕು. ಇಪ್ಪತ್ತರಿಂದ ತೊಂಬತ್ತಕ್ಕೆ ಹತ್ತಿ, ಮತ್ತೆ ಇಳಿಯಿರಿ. ಇಳಿಯುವುದು ಹರಾಜಿಗೆ ಬೇಡ, ಆದರೆ ಬಾಯಿ ಬರೀ ಅಭ್ಯಾಸಬಲದಲ್ಲಿ ಓಡುತ್ತಿದೆಯಾ, ಇಲ್ಲ ನೀವು ಓಡಿಸುತ್ತಿದ್ದೀರಾ ಅನ್ನುವುದು ಇಳಿಯುವಾಗ ಗೊತ್ತಾಗುತ್ತದೆ.

ಹೀಗೆ ಎಲ್ಲ ಒಂದೇ ಅಳತೆಯಲ್ಲಿರುವುದರಲ್ಲಿ ಒಂದು ಹಳ್ಳವೂ ಇದೆ. ವೇಗದಲ್ಲಿ ‘ಇಪ್ಪತ್ತು’ ಮತ್ತು ‘ಎಪ್ಪತ್ತು’ ಅವಳಿ ಮಕ್ಕಳು. ‘ಎಂಬತ್ತು’, ‘ತೊಂಬತ್ತು’ ಕೂಡ ಹಾಗೇ. ವ್ಯತ್ಯಾಸ ಇರುವುದು ಮೊದಲ ಅಕ್ಷರದಲ್ಲಿ ಮಾತ್ರ. ನಾವೋ, ಒತ್ತು ಇರುವಲ್ಲಿ ಭಾರ ಹಾಕಿ ಮೊದಲಕ್ಷರವನ್ನು ನುಂಗುತ್ತೇವೆ. ಹಾಗಾಗಿ ಅಂಕಿಯ ಮೊದಲಕ್ಷರದ ಮೇಲೆ ಬೇಕೆಂದೇ ಭಾರ ಹಾಕಿ: ‘ಎಪ್ಪತ್ತು’. ಜೊತೆಗೆ ಬೆರಳೂ ತೋರಿಸಿ. ಏಳು ಬೆರಳಿಗೂ ಎರಡು ಬೆರಳಿಗೂ ಗೊಂದಲ ಆಗಲ್ಲ.

ಸವಾಲು ಮುಗಿಯುವ ಗಳಿಗೆಯಲ್ಲಿ ಲಯವನ್ನು ಪೂರ್ತಿ ಬಿಟ್ಟುಬಿಡಿ. ‘ಒಂದನೇ ಸಲ… ಎರಡನೇ ಸಲ…’ ಇವು ನಿಧಾನವಾಗಿ, ಎಲ್ಲರ ಮುಖ ನೋಡುತ್ತಾ ಬರಬೇಕು. ಅಲ್ಲಿಯ ತನಕ ಓಡಿದ ಮಾತು ನಿಂತಿತಲ್ಲ, ಸುಮ್ಮನಿದ್ದವನು ಕೈ ಎತ್ತುವುದು ಸಾಮಾನ್ಯವಾಗಿ ಆಗಲೇ.

8. ಎಲ್ಲಿ ನಿಧಾನ ಮಾಡಬೇಕು

ವೇಗದ ಮಾತಿನ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ನೋಡಿದ್ದಾರೆ. 1976ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೇಳುಗರು ಬೇಗ ಮಾತಾಡಿದವರನ್ನೇ ಜಾಸ್ತಿ ನಂಬಿದರು. ಆದರೆ 1991ರ ಇನ್ನೊಂದು ಅಧ್ಯಯನ ಅದಕ್ಕೊಂದು ತಿರುವು ಕೊಟ್ಟಿತು. ಕೇಳುಗರಿಗೆ ವಿಷಯ ಒಪ್ಪಿಗೆ ಇಲ್ಲದಿದ್ದರೆ ವೇಗ ಅವರ ಮರುವಾದಕ್ಕೆ ಸಮಯ ಕೊಡುವುದಿಲ್ಲ, ಹಾಗಾಗಿ ಮಾತು ನಾಟುತ್ತದೆ. ಮೊದಲೇ ಒಪ್ಪಿಗೆ ಇದ್ದರೆ ಅದೇ ವೇಗ ಉಲ್ಟಾ ಹೊಡೆಯುತ್ತದೆ. ‘ಹೌದಲ್ಲ’ ಅಂತ ತಮ್ಮೊಳಗೇ ಅಂದುಕೊಳ್ಳುವುದಕ್ಕೂ ಅವರಿಗೆ ಬಿಡುವು ಬೇಕು.

ಕೆಲಸಕ್ಕೆ ಬರುವ ಹಾಗೆ ಹೇಳಬೇಕೆಂದರೆ, ಗಿರಾಕಿ ತಲೆಯಾಡಿಸಲು ಶುರು ಮಾಡಿದ ತಕ್ಷಣ ವೇಗ ಇಳಿಸಿ. ಇನ್ನೂ ಎರಡು ನಿಮಿಷದ ಮಾತು ಬಾಕಿ ಇದ್ದರೂ ಸರಿ. ಬರೆದದ್ದನ್ನೆಲ್ಲ ಹೇಳಿಯೇ ತೀರಬೇಕು ಎಂಬ ಹಟದಿಂದ ನಾನು ಕಳೆದುಕೊಂಡ ಗಿರಾಕಿಗಳು ಒಬ್ಬಿಬ್ಬರಲ್ಲ.

ಬೆಲೆ, ಷರತ್ತು, ವಾಪಸಾತಿ ಇವನ್ನು ಯಾವತ್ತೂ ಲಯದಲ್ಲಿ ಹೇಳಬೇಡಿ. ಮೇಲೆ ಹೇಳಿದ ಪ್ರಯೋಗದ ಮೊದಲರ್ಧವನ್ನು ಮೋಸಕ್ಕೆ ಬಳಸುವವರು ಎಲ್ಲ ಕಾಲದಲ್ಲೂ ಇದ್ದರು. ಬ್ರಿಟನ್ನಿನಲ್ಲಿ ವೇಗದ ಮಾತಿನಿಂದ ಜನರನ್ನು ಉಬ್ಬಿಸಿ, ಪುಕ್ಕಟೆ ವಸ್ತುವಿನ ಆಸೆ ತೋರಿಸಿ ದುಡ್ಡು ಕೀಳುವ ನಕಲಿ ಹರಾಜುಗಳು ಎಷ್ಟು ಹೆಚ್ಚಿದವೆಂದರೆ, 1961ರಲ್ಲಿ ಅದನ್ನು ತಡೆಯಲೆಂದೇ ಒಂದು ಕಾಯ್ದೆ ಬಂತು. ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿ. ಮನಸ್ಸಿನಲ್ಲೇ ನಾಲ್ಕು ಪೆಟ್ಟು ಎಣಿಸಿ. ಮೂರನೆಯದಕ್ಕೆ ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ಮುಂದಿನ ಮಾತು ಗಿರಾಕಿಯದ್ದು.

9. ಎಡವಿದಾಗ

ಎಡವಿಯೇ ಎಡವುತ್ತೀರಿ. ಆಗ ಹಿಂದೆ ಹೋಗಿ ಪದ ಸರಿಪಡಿಸಬೇಡಿ. ಸರಿಪಡಿಸಿದ ಕೂಡಲೇ ಲಯ ಮುರಿಯುತ್ತದೆ, ಕೇಳಿಸಿಕೊಳ್ಳದವರಿಗೂ ತಪ್ಪು ಕಾಣುತ್ತದೆ. ಕೆಟ್ಟ ತುಂಡನ್ನು ಅಲ್ಲೇ ಬಿಟ್ಟು ಮುಂದಿನ ಪೆಟ್ಟಿಗೆ ಸೇರಿಕೊಳ್ಳಿ. ಅಂಕಿ ತಪ್ಪಿದ್ದರೆ ಮಾತ್ರ ಪೂರ್ತಿ ನಿಲ್ಲಿಸಿ, ತಪ್ಪಾಯಿತು ಅನ್ನಿ, ಸರಿಯಾದದ್ದನ್ನು ಎರಡು ಸಲ ಹೇಳಿ.

ತೀರಾ ನಾಲಿಗೆ ಗಂಟು ಬಿದ್ದಾಗ ಬಳಸಲು ಒಂದು ಸಾಲು ಮೊದಲೇ ಜೇಬಿನಲ್ಲಿಟ್ಟುಕೊಂಡಿರಿ. ನನ್ನದು ಹೀಗಿದೆ: ‘ಸ್ವಲ್ಪ ಇರಿ, ನಾಲಿಗೆ ಹಿಂದೆ ಉಳಿದುಬಿಟ್ಟಿದೆ, ಬರಲಿ.’ ಜನ ನಗುತ್ತಾರೆ. ಅಷ್ಟರಲ್ಲಿ ಒಂದು ಉಸಿರು ಸಿಗುತ್ತದೆ. ಹಗ್ಗದ ಗಂಟು ಬಿಚ್ಚಲು ಕೂಡ ಅಷ್ಟು ಹೊತ್ತು ಸಾಕು.